ಪಡುವಲಿಗೆ ತಡಿತಾಯಿ

ಎಂಬತ್ತರ ದಶಕದ ಕೊನೆಯಲ್ಲಿ ಕಡೂರಿನಲ್ಲಿ ನಮಗೊಂದು ತರಬೇತಿ ಇಟ್ಟಿದ್ದರು. ನಾನು ನೌಕರಿಗೆ ಸೇರಿ ಅಷ್ಟು ಹೊತ್ತಿಗೆ ಹನ್ನೆರಡು ಹದಿಮೂರು ವರ್ಷವಾಗಿತ್ತು, ಕಚೇರಿ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆಂಗಳೂರಿನಿಂದ ಬಂದ ತರಬೇತುದಾರರು ಎಲ್ಲರಿಗೂ ಒಂದೊಂದು ಚೀಟಿ ಹಂಚಿದರು. "ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಬೇಕು ಅನ್ನಿಸುವಂತೆ ಮಾಡುವುದು ಯಾವುದು? ಒಂದೇ ಪದದಲ್ಲಿ ಬರೆಯಿರಿ" ಎಂದರು. ನನ್ನ ಪಕ್ಕದವರು ಸಂಬಳ ಎಂದು ಬರೆದರು. ಹಿಂದಿನ ಬೆಂಚಿನವರು ಬಡ್ತಿ ಎಂದರು. ಎಮ್ಮೆದೊಡ್ಡಿ ಕಡೆಯ ಒಬ್ಬ ಗ್ರಾಮಲೆಕ್ಕಿಗರು "ಹೆಂಡತಿ" ಎಂದು ಬರೆದು, ಕೆಳಗೆ "ಮನೆಯಲ್ಲಿ ಕೂರಲು ಬಿಡುವುದಿಲ್ಲ" ಎಂದು ಸೇರಿಸಿದ್ದರು. ನಾನು "ತಡಿತಾಯಿ" ಎಂದು ಬರೆದೆ.

ತರಬೇತುದಾರರು ನನ್ನ ಚೀಟಿಯನ್ನು ಎರಡು ಸಲ ಓದಿ, "ಇದು ನಿಮ್ಮ ಮನೆದೇವರೇ?" ಎಂದು ಕೇಳಿದರು. ಅಲ್ಲ ಎಂದೆ. ದೈವಭಕ್ತಿಯಿಂದಲೂ ಕೆಲಸಕ್ಕೆ ಬಲ ಬರುತ್ತದೆ, ತಪ್ಪೇನಿಲ್ಲ ಎಂದು ತಾವೇ ಅರ್ಥ ಮಾಡಿಕೊಂಡು ಬೋರ್ಡಿನ ಮೇಲೆ "ಭಕ್ತಿ" ಎಂದು ಬರೆದರು. ನನಗೆ ನಗು ಉಕ್ಕಿ ಬಂತು. ವಿವರಿಸೋಣವೆಂದರೆ ಅಷ್ಟರಲ್ಲಿ ಟೀ ಬಂತು. ಟೀ ಬಂದ ಮೇಲೆ ಸರ್ಕಾರಿ ನೌಕರರ ಮುಂದೆ ಯಾವ ಮಾತೂ ನಿಲ್ಲುವುದಿಲ್ಲ. ಅವತ್ತು ಹೇಳಲಾಗದ್ದನ್ನು ಈಗ ನಿಧಾನವಾಗಿ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕದ ನಡುವಿನಲ್ಲಿ, ಒಂದು ಸರ್ಕಾರಿ ಕಚೇರಿಯ ನಕಲು ವಿಭಾಗಕ್ಕೆ. ಯಾವ ಊರಿನ ಕಚೇರಿ ಎಂದು ಹೇಳುವುದಿಲ್ಲ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯ ಬಸ್ಸುಗಳು ಅದರ ಮುಂದೆ ನಿಲ್ಲುತ್ತಿದ್ದವು, ಅಷ್ಟು ಸಾಕು. ನಮ್ಮ ಮನೆ ಇದ್ದದ್ದು ಕಡೂರಿನಲ್ಲಿ, ಅಪ್ಪನದು ತೆಂಗಿನಕಾಯಿ ವ್ಯಾಪಾರ. ಕೆಲಸದ ಆದೇಶ ಬಂದ ದಿನ ಅಮ್ಮ ಹಣೆಗೆ ವಿಭೂತಿ ಇಟ್ಟು, "ನೆರಳಲ್ಲಿ ಕೂತು ಮಾಡೋ ಕೆಲ್ಸ ಕಣೇ. ನಿಮ್ಮಪ್ಪನಂಗೆ ಬಿಸ್ಲಾಗೆ ನಿಂತು ಕಾಯಿ ಸುಲಿಸ್ಬೇಕಾ?" ಎಂದು ಸಂಭ್ರಮಪಟ್ಟಿದ್ದಳು.

ನೆರಳೇನೋ ಇತ್ತು. ಇನ್ನೇನೂ ಇರಲಿಲ್ಲ. ರೈತರು ತಮ್ಮ ಜಮೀನಿನ ಹಳೆಯ ಕಾಗದದ ನಕಲು ಬೇಕೆಂದು ಅರ್ಜಿ ಕೊಡುತ್ತಿದ್ದರು. ದಫ್ತರದ ಕೋಣೆಯಿಂದ ಮೂಲ ಕಾಗದ ಬರುತ್ತಿತ್ತು. ನಾನು ಅದನ್ನು ನೋಡಿ ಕೈಯಲ್ಲಿ ಬರೆಯಬೇಕು. ತಪ್ಪಿದ್ದರೆ ತಪ್ಪನ್ನೂ ಬರೆಯಬೇಕು, ತಿದ್ದುವಂತಿಲ್ಲ. "ಮಕ್ಕಿಕಾಮಕ್ಕಿ ಇರ್ಬೇಕಮ್ಮ. ಅಲ್ಲಿ ನೊಣ ಸತ್ತು ಅಂಟಿದ್ರೆ ಇಲ್ಲೂ ಒಂದು ನೊಣ ಅಂಟಿಸ್ಬೇಕು" ಎಂದು ಶಿರಸ್ತೇದಾರರು, ಎಂದರೆ ನಮ್ಮ ಕಚೇರಿಯ ಮೇಲ್ವಿಚಾರಕರು, ಮೊದಲ ದಿನವೇ ಹೇಳಿದ್ದರು. ಇದು ಅವರ ಜೀವಮಾನದ ಏಕೈಕ ಹಾಸ್ಯ, ಹೊಸಬರು ಬಂದಾಗಲೆಲ್ಲ ಹೇಳುತ್ತಿದ್ದರಂತೆ.

ನನ್ನ ಮೇಜು ಗೋಡೆಗೆ ಮುಖ ಮಾಡಿತ್ತು. ಅರ್ಜಿ ಕೊಟ್ಟವರು ಹಿಂದೆ ವರಾಂಡದಲ್ಲಿ ಟವೆಲ್ ಹಾಸಿಕೊಂಡು ಕಾಯುತ್ತಿದ್ದರು. ನಾನು ಅವರ ಹೊಲ ಬರೆಯುತ್ತಿದ್ದೆ, ಅವರ ಮುಖ ನೋಡಿರಲಿಲ್ಲ. ಬರೆದದ್ದು ಯಾರ ಕೈ ಸೇರಿತು, ಯಾತಕ್ಕೆ ಬಂತು, ಒಂದೂ ತಿಳಿಯುತ್ತಿರಲಿಲ್ಲ. ಮೂರು ತಿಂಗಳಲ್ಲಿ ಮಧ್ಯಾಹ್ನವಾದರೆ ತಲೆನೋವು ಶುರುವಾಯಿತು. ಮನೆಗೆ ಹೋದರೆ ಊಟ ಸೇರುತ್ತಿರಲಿಲ್ಲ. ಭಾನುವಾರ ಸಂಜೆಯೇ ಸೋಮವಾರ ನೆನೆದು ಮುಸುಕು ಹಾಕಿಕೊಂಡು ಮಲಗಿಬಿಡುತ್ತಿದ್ದೆ. ಡಾಕ್ಟರು ನಾಲಿಗೆ ನೋಡಿ ಏನೂ ಇಲ್ಲ ಎಂದರು. ಅಮ್ಮ ದೃಷ್ಟಿ ಎಂದು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು, ಮನೆಯವರೆಲ್ಲ ಕೆಮ್ಮಿದ್ದೇ ಬಂತು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ಒಂದು ದಿನ ಕಚೇರಿಯ ಕಾಗದದಲ್ಲೇ ರಾಜೀನಾಮೆ ಬರೆದು, ತಾರೀಖು ಮಾತ್ರ ಹಾಕದೆ, ಮೇಜಿನ ಮೇಲಿನ ಕಟ್ಟಿನೊಳಗೆ ಸಿಕ್ಕಿಸಿಟ್ಟೆ.

ಅದು ಸಿಕ್ಕಿದ್ದು ದಫ್ತರದ ಅಟೆಂಡರ್ ಕೈಗೆ.

ಅವರಿಗೆ ಆಗ ಐವತ್ತು ದಾಟಿತ್ತು. ದಫ್ತರದ ಕೋಣೆಯಿಂದ ಕಾಗದದ ಗಂಟು ಹೊತ್ತು ತರುವುದು, ವಾಪಸು ಇಡುವುದು ಅವರ ಕೆಲಸ. ಗಂಟುಗಳ ಮೇಲಿನ ಚೀಟಿ ನೋಡುತ್ತ ನೋಡುತ್ತಲೇ ಅಕ್ಷರ ಕಲಿತವರು. ಎಂಥ ಕಾಗೆ ಕಾಲು ಗುಬ್ಬಿ ಕಾಲು ಬರಹವನ್ನೂ ನೀರು ಕುಡಿದಂತೆ ಓದುತ್ತಿದ್ದರು. ಹಾಗಾಗಿ ಇನ್ನೊಂದು ಕೆಲಸವೂ ಅವರ ಹೆಗಲೇರಿತ್ತು. ನಕಲು ಮುಗಿದ ಮೇಲೆ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಬರೆದವರು ತಮ್ಮ ಹಾಳೆಯ ಮೇಲೆ ಬೆರಳಿಟ್ಟು ನೋಡಬೇಕು. ಅದಕ್ಕೆ ತಾಳೆ ನೋಡುವುದು ಎನ್ನುತ್ತಾರೆ. ನಕಲಿನ ಕೊನೆಗೆ ಒಂದು ಮೊಹರು ಬೀಳುತ್ತಿತ್ತು. ಅದರಲ್ಲಿ ಎರಡು ಗೆರೆ: "ನಕಲು ಮಾಡಿದವರು", "ತಾಳೆ ನೋಡಿದವರು". ಮೊದಲ ಗೆರೆಗೆ ನನ್ನ ರುಜು. ಎರಡನೆಯದಕ್ಕೆ ಪಕ್ಕದ ಮೇಜಿನ ಹಿರಿಯ ಗುಮಾಸ್ತರ ರುಜು. ಅವರು ಎಲೆಅಡಿಕೆ ಮೆಲ್ಲುತ್ತಾ ಕಾಗದದ ಮುಖ ನೋಡದೆ ರುಜು ಜಡಿಯುತ್ತಿದ್ದರು. ಓದುತ್ತಿದ್ದವರು ಮಾತ್ರ ಹೊಸ್ತಿಲ ಪಕ್ಕದ ಸ್ಟೂಲಿನ ಮೇಲೆ ಕೂರುವ ಈ ಅಟೆಂಡರ್. ಅಟೆಂಡರ್ ಆದವನು ರುಜು ಹಾಕುವಂತಿಲ್ಲ ಎಂಬುದು ಕಚೇರಿಯ ನಂಬಿಕೆ.

ನನ್ನ ರಾಜೀನಾಮೆಯನ್ನೂ ಅವರು ತಾಳೆ ನೋಡುವ ಕಾಗದವೆಂದೇ ತಿಳಿದು ರಾಗವಾಗಿ ಶುರುಮಾಡಿದರು. "ಮಾನ್ಯರೇ, ಒಂದು ಬಾಲ. ನನ್ನ ಆರೋಗ್ಯ ಸರಿಯಿಲ್ಲದ ಕಾರಣ..." ಅಲ್ಪವಿರಾಮಕ್ಕೆ ಅವರು "ಬಾಲ" ಎನ್ನುತ್ತಿದ್ದರು, ಪೂರ್ಣವಿರಾಮಕ್ಕೆ "ಚುಕ್ಕಿ". ನಾನು ಹೌಹಾರಿ ಕಿತ್ತುಕೊಳ್ಳಲು ಹೋದೆ. ಅವರು ಕೊನೆಯವರೆಗೂ ಮನಸ್ಸಿನಲ್ಲೇ ಓದಿ ಮುಗಿಸಿ, ಕಾಗದ ಮಡಚಿ, ನನ್ನತ್ತ ನೋಡಿದರು.

"ಇದ್ರಾಗೆ ಚಕ್ಕುಬಂದಿ ಇಲ್ವಲ್ಲ ತಾಯಿ."

"ರಾಜೀನಾಮೆಗೆ ಎಂಥ ಚಕ್ಕುಬಂದಿ?" ಎಂದು ಸಿಡುಕಿದೆ. ಚಕ್ಕುಬಂದಿ ಎಂದರೆ ಜಮೀನಿನ ನಾಲ್ಕು ದಿಕ್ಕಿಗೆ ಏನಿದೆ, ಯಾರಿದ್ದಾರೆ ಎಂಬ ವಿವರ. ಅದಿಲ್ಲದ ಜಮೀನಿನ ಕಾಗದವೇ ಇಲ್ಲ.

"ಮೂಡ್ಲಿಗೆ ಯಾರವ್ರೆ, ಪಡುವ್ಲಿಗೆ ಯಾರವ್ರೆ ಅಂತ ನೋಡ್ದೆ ಯಾರಾದ್ರೂ ಜಮೀನು ಬಿಟ್ಟುಕೊಡ್ತಾರಾ? ನೀವು ಬಂದು ಮೂರು ತಿಂಗ್ಳಾತು, ನಿಮ್ ಬೆನ್ನಿಂದೆ ಯಾರು ಕುಂತವ್ರೆ ಅಂತ ಒಂದಿನ ತಿರುಗಿ ನೋಡಿದ್ದೀರಾ?"

ನನಗೆ ರೇಗಿತು. ರೇಗಿದ ರಭಸಕ್ಕೇ ತಿರುಗಿ ನೋಡಿದೆ. ವರಾಂಡದಲ್ಲಿ ಏಳೆಂಟು ಜನ ಕೂತಿದ್ದರು. ಒಬ್ಬ ಮುದುಕರು ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಬರೆಯುತ್ತಿದ್ದುದು ಅವರದೇ ಕಾಗದ. ಬೆಳಗಿನ ಬಸ್ಸಿಗೆ ಲಿಂಗದಹಳ್ಳಿಯಿಂದ ಬಂದವರು, ನಾನು ಪೆನ್ನು ಎತ್ತಿದಾಗಲೆಲ್ಲ ಅವರ ಉಸಿರು ನಿಲ್ಲುತ್ತಿತ್ತೋ ಏನೋ. ನನಗೆ ನಿಜಕ್ಕೂ ನಾಚಿಕೆಯಾಯಿತು. ಮಾರನೆಯ ದಿನ ಅಟೆಂಡರ್ ಮತ್ತು ನಾನು ಸೇರಿ ಮೇಜನ್ನು ತಿರುಗಿಸಿದೆವು. ಹಿರಿಯ ಗುಮಾಸ್ತರು, "ವಾಸ್ತು ನೋಡ್ಸಿದ್ರೇನಮ್ಮಾ?" ಎಂದು ನಕ್ಕರು.

ಅವರನ್ನು ನಾನು ಅಣ್ಣ ಎಂದು ಕರೆಯತೊಡಗಿದೆ. ಕಚೇರಿಯಲ್ಲಿ ಉಳಿದವರೆಲ್ಲ ಅವರನ್ನು ಏಕವಚನದಲ್ಲೇ ಕೂಗುತ್ತಿದ್ದರು. ಅವರು ಅಜ್ಜಂಪುರದ ಆಚೆಯ ಒಂದು ಹಳ್ಳಿಯವರು. ಒಂದು ದಿನ ಹೇಳಿದರು: "ನಮ್ಮಪ್ಪ ಊರ ತೋಟಿ ಆಗಿದ್ದ ತಾಯಿ. ಸರ್ವೆಯೋರು ಬಂದ್ರೆ ಮುಂದೆ ನಡ್ಕೊಂಡೋಗಿ ಬಾಂದುಕಲ್ಲು ತೋರ್ಸೋನು. ಒಂದಕ್ಷರ ಬರ್ತಿರ್ಲಿಲ್ಲ, ಊರಿನ ಗಡಿಯೆಲ್ಲ ತಲೇಲಿತ್ತು. ಅವ್ನು ತೋರ್ಸಿದ್ದ ಇವ್ರು ಬರ್ಕಂಡ್ರು, ಇವ್ರು ಬರ್ದಿದ್ದ ನಾನು ಓದ್ತೀನಿ."

ಓದುವುದು ಎಂದರೆ ಅವರದು ಬರೀ ಓದಲ್ಲ. ಲಿಂಗದಹಳ್ಳಿಯ ಕಾಗದ ಓದುತ್ತ "ಮೂಡಲಿಗೆ ಜೋಡಿ ಹುಣಸೇಮರ, ಚುಕ್ಕಿ" ಎಂದರೆ ಅದರ ಹಿಂದೆಯೇ, "ಒಂದು ಸಿಡ್ಲಿಗೆ ಹೋತು ತಾಯಿ, ಇನ್ನೊಂದು ಐತೆ, ಕಾಯಿ ಭಾರಿ ಹುಳಿ" ಎಂದು ಸೇರಿಸುತ್ತಿದ್ದರು. ತೆಂಕಲಿಗೆ ಕಾವಲು ಎಂದು ಬಂದರೆ ಅಲ್ಲಿ ಮೇಯುವ ದನಗಳ ಕೊಂಬಿನ ವರ್ಣನೆಯಾಗುತ್ತಿತ್ತು. ಬಡಗಲಿಗೆ ಯಾರದಾದರೂ ಹೊಲ ಬಂದರೆ, ಆ ಮನೆಯವರು ಮೂರು ತಲೆಮಾರಿನಿಂದ ಎಷ್ಟು ಜಗಳಗಂಟರೆಂದು ತಿಳಿಯುತ್ತಿತ್ತು. ನಾನು ಬಿದ್ದು ಬಿದ್ದು ನಗುತ್ತಿದ್ದೆ. ಹೀಗೆ ಓದುವುದನ್ನು ವರಾಂಡದವರೂ ಕೇಳಿಸಿಕೊಳ್ಳಲು ಬಾಗಿಲ ಹತ್ತಿರ ಬಂದು ಕೂರತೊಡಗಿದರು. ಬಹುಪಾಲು ಜನರಿಗೆ ಓದಲು ಬರುತ್ತಿರಲಿಲ್ಲ. ತಮ್ಮ ಹೊಲದ ನಾಲ್ಕು ದಿಕ್ಕನ್ನೂ ಇನ್ನೊಬ್ಬರ ಬಾಯಲ್ಲಿ ಕೇಳುವಾಗ ಅವರ ಮುಖದಲ್ಲಿ ಬರುವ ಕಳೆ ನೋಡಬೇಕಿತ್ತು. "ಹೌದೌದು, ಕಲ್ಲುಬಾವಿ ಐತೆ, ಸರಿಯಾಗಿ ಬರ್ದವ್ರೆ" ಎಂದು ನನ್ನನ್ನು ಹೊಗಳುತ್ತಿದ್ದರು, ಆ ಬಾವಿ ನಾನೇ ತೋಡಿಸಿದಂತೆ.

ಅದೇ ಕೆಲಸ, ಅದೇ ಸಂಬಳ, ಅದೇ ಕುಂಟು ಕುರ್ಚಿ. ತಲೆನೋವು ಯಾವಾಗ ಹೋಯಿತೋ ನನಗೇ ಗೊತ್ತಾಗಲಿಲ್ಲ. ಮೊದಲು ಗಮನಿಸಿದ್ದು ಅಮ್ಮ. ಒಂದು ಸಂಜೆ ಎರಡನೆಯ ಮುದ್ದೆಗೆ ತಟ್ಟೆ ಒಡ್ಡಿದಾಗ, "ಮೆಣಸಿನ್ಕಾಯಿ ಕೆಲ್ಸ ಮಾಡ್ತು ನೋಡು" ಎಂದು ಜಂಬಪಟ್ಟಳು. ನಾನು ಹೌದಮ್ಮ ಎಂದುಬಿಟ್ಟೆ. ಲಿಂಗದಹಳ್ಳಿಯಲ್ಲಿ ನೆಂಟರ ಮದುವೆಗೆ ಹೋದಾಗ ಊಟದ ಪಂಕ್ತಿ ಬಿಟ್ಟು ಆ ಹುಣಸೇಮರ ಹುಡುಕಿಕೊಂಡು ಹೋಗಿದ್ದೆ. ಒಂಟಿಯಾಗಿ ನಿಂತಿತ್ತು. ಒಂದು ಕಾಯಿ ಕಚ್ಚಿ ನೋಡಿದೆ, ಹಲ್ಲು ಜುಮ್ಮೆಂದಿತು. ನನ್ನ ರೇಷ್ಮೆ ಸೀರೆಯ ಅಂಚಿಗೆಲ್ಲ ಉತ್ತರಾಣಿ ಮೆತ್ತಿತ್ತು. ಸೋದರತ್ತೆ, "ಹುಡುಗಿಗೆ ಏನಾಗೈತೆ?" ಎಂದು ಅಮ್ಮನನ್ನು ಕೇಳಿದರಂತೆ. ಸುಖವಾಗಿತ್ತು, ಇನ್ನೇನು!

ಅಣ್ಣನಿಗೂ ಒಂದು ಆಸೆ ಇತ್ತು. ಅದನ್ನು ಅವರು ಬಾಯಿಬಿಟ್ಟು ಹೇಳಿದವರಲ್ಲ, ನಾನೇ ಪತ್ತೆ ಮಾಡಿದ್ದು. ಒಂದು ಮಧ್ಯಾಹ್ನ ದಫ್ತರದ ಕೋಣೆಗೆ ಹೋದರೆ ಅವರು ಕಿಟಕಿ ಕಟ್ಟೆಯ ಮೇಲೆ ಒಂದು ಕಾಗದ ಇಟ್ಟುಕೊಂಡು ತುಟಿ ಕಚ್ಚಿ ಏನೋ ಬರೆಯುತ್ತಿದ್ದರು. ನನ್ನನ್ನು ಕಂಡು ಅಂಗೈಯಿಂದ ಮುಚ್ಚಿದರು. ನಾನು ಬಿಡುವವಳೇ? ಕೈ ಸರಿಸಿ ನೋಡಿದೆ. ನನ್ನ ರಾಜೀನಾಮೆ ಪತ್ರದ ಬೆನ್ನು! ಅದರ ತುಂಬ ಅವರ ರುಜು. ಒಂದು ಉದ್ದ, ಒಂದು ಗಿಡ್ಡ, ಒಂದಕ್ಕೆ ಹಾವಿನ ಹಾಗೆ ಬಾಲ, ಒಂದರ ಕೆಳಗೆ ಎರಡು ಗೆರೆ.

"ಸಂಬ್ಳದ ರಿಜಿಸ್ಟ್ರಿಗೆ ಹಾಕ್ತೀರಲ್ಲ ಅಣ್ಣ, ಅಭ್ಯಾಸ ಯಾತಕ್ಕೆ?"

"ಅದು ಈಸ್ಕಂಡಿದ್ದಕ್ಕೆ ಹಾಕೋದು ತಾಯಿ" ಎಂದು ನೆಲ ನೋಡಿದರು. "ಮಾಡಿದ್ದಕ್ಕೆ ಹಾಕೋದು ಬೇರೆ. ಹದಿನೆಂಟು ವರ್ಷದಿಂದ ಓದಿದ್ದೀನಿ. ಒಂದೇ ಒಂದು ಕಾಗ್ದದಾಗೆ, ತಾಳೆ ನೋಡಿದವ್ರು ಅನ್ನೋ ಕಡೆ, ನನ್ನೆಸ್ರು ಇದ್ದಿದ್ರೆ ಅಂತ. ಹುಚ್ಚು. ಇನ್ನಾರು ತಿಂಗ್ಳಿಗೆ ರಿಟೈರ್ ಆಗ್ತೀನಿ, ಈಗೆಂಥದು."

ನನಗೆ ಕಣ್ಣು ತುಂಬಿ ಬಂತು, ಜೊತೆಗೆ ಸಿಟ್ಟೂ ಬಂತು. ಆವತ್ತೇ ಶಿರಸ್ತೇದಾರರ ಹತ್ತಿರ ಹೋಗಿ ಕೇಳಿದೆ. ಅವರು ಮೂಗಿನ ಮೇಲಿನ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ನಿಯಮ ಇಲ್ಲಮ್ಮ" ಎಂದರು. ಯಾವ ನಿಯಮ, ಎಲ್ಲಿದೆ ಎಂದು ಕೇಳುವ ಧೈರ್ಯ ಆಗ ಇನ್ನೂ ಬಂದಿರಲಿಲ್ಲ.

ಹೀಗಿರುವಾಗ ಆ ದಿನ ಬಂತು. ಅಜ್ಜಂಪುರದ ಕಡೆಯ ಒಬ್ಬ ಯುವಕನಿಗೆ ಹಳೆಯ ಗಡಿ ಮಹಜರಿನ, ಎಂದರೆ ಪಂಚರ ಮುಂದೆ ಗಡಿ ಗುರುತಿಸಿ ಬರೆದ ಕಾಗದದ, ನಕಲು ತುರ್ತಾಗಿ ಬೇಕಿತ್ತು, ಮೂರೂವರೆಯ ಬಸ್ಸಿಗೆ ಹೋಗಬೇಕೆಂದು ಚಡಪಡಿಸುತ್ತಿದ್ದ. ಮೂಲದ ಅಕ್ಷರ ಮಾಸಿತ್ತು, ನನಗೆ ಓದಲಾಗಲಿಲ್ಲ. ಅಣ್ಣ ಓದಿ ಹೇಳುವುದು, ನಾನು ಬರೆದುಕೊಳ್ಳುವುದು, ಆಮೇಲೆ ತಾಳೆ ನೋಡುವುದು ಎಂದಾಯಿತು. ಅವರು ನಿಧಾನವಾಗಿ ಹೇಳುತ್ತಾ ಹೋದರು. ಮೂಡಲಿಗೆ ಇಂಥವರ ಹೊಲ. ಆಮೇಲೆ, "ಪಡುವಲಿಗೆ..." ಎಂದು ಸ್ವಲ್ಪ ಹೊತ್ತು ನಿಂತು, "ತಡಿ ತಾಯಿ" ಎಂದು ಕನ್ನಡಕ ತೆಗೆದು ಒರೆಸಿಕೊಂಡು, "ಹಳ್ಳ, ಚುಕ್ಕಿ" ಎಂದರು. ನಾನು ತಲೆ ಎತ್ತಿರಲಿಲ್ಲ. ಕೈ ತನ್ನ ಪಾಡಿಗೆ ಬರೆಯುತ್ತಿತ್ತು. ಉಳಿದದ್ದನ್ನು, ಕೊನೆಗಿದ್ದ ರುಜು ಹೆಬ್ಬೆಟ್ಟುಗಳ ವಿವರವನ್ನೂ, ಅವರು ತಗ್ಗಿದ ದನಿಯಲ್ಲಿ ಹೇಳಿ ಮುಗಿಸಿದರು. ನೆಗಡಿಯಾಗಿದೆ ಎಂದುಕೊಂಡೆ.

ತಾಳೆ ನೋಡಲು ಕೂರಬೇಕು ಎನ್ನುವಷ್ಟರಲ್ಲಿ ಶಿರಸ್ತೇದಾರರು ಅಣ್ಣನನ್ನು ಕೂಗಿ, ಗಂಟು ಹೊರಿಸಿ ತರೀಕೆರೆ ಬಸ್ಸು ಹತ್ತಿಸಿಬಿಟ್ಟರು. ಬಾಗಿಲಲ್ಲಿ ಆ ಯುವಕ ಒಂಟಿಕಾಲಲ್ಲಿ ನಿಂತಿದ್ದ. ಹಿರಿಯ ಗುಮಾಸ್ತರು ವಾಡಿಕೆಯಂತೆ ಕಾಗದ ನೋಡದೆ ರುಜು ಹಾಕಿದರು. ನಾನೂ ಕೊಟ್ಟು ಕಳಿಸಿದೆ. ಅವನಿಗೆ ಬಸ್ಸು ಸಿಕ್ಕಿತೆಂದು ಸಂತೋಷಪಟ್ಟೆ ಬೇರೆ.

ಎರಡು ವಾರ ಕಳೆದಿರಬೇಕು. ಒಬ್ಬ ಅಜ್ಜಿ ತಲೆಯ ಮೇಲೆ ಬುಟ್ಟಿ ಹೊತ್ತುಕೊಂಡು ಕಚೇರಿಗೇ ಬಂದರು, ಹಿಂದೆ ಆ ಯುವಕ. ಅವನ ಅಜ್ಜಿಯಂತೆ. ಬುಟ್ಟಿಯಲ್ಲಿ ಬಾಳೆಹಣ್ಣು, ಕಾಯಿ ಹೋಳು, ಒಂದು ಪಾತ್ರೆ ತುಂಬ ಸಿಹಿ ಹುಗ್ಗಿ. ನನ್ನ ಮೇಜಿನ ಮೇಲೆ ಇಳಿಸಿ, ನನ್ನ ಕೆನ್ನೆ ನೀವಿ ನೆಟಿಕೆ ಮುರಿದರು.

"ನಿನ್ ಪುಣ್ಯ ಕಣವ್ವಾ. ಕಳ್ದೋಗಿದ್ದ ನಮ್ ತಾಯೀನ ಹುಡುಕ್ಕೊಟ್ಟೆ."

"ಯಾವ ತಾಯಿ ಅಜ್ಜಿ?"

"ತಡಿತಾಯಿ! ನಮ್ಮತ್ತೆ ಕಾಲ್ದಾಗೂ ಯಾರೂ ಹೇಳಿರ್ಲಿಲ್ಲ. ಕಾಗ್ದದಾಗೈತಲ್ಲ, 'ಪಡುವಲಿಗೆ ತಡಿತಾಯಿ ಹಳ್ಳ' ಅಂತ. ಹಳ್ಳಕ್ಕೆ ಆ ಹೆಸ್ರು ಇರ್ಬೇಕಾದ್ರೆ ತಡಿಮ್ಯಾಲೆ ತಾಯಿ ಇರ್ಲೇಬೇಕಲ್ವಾ? ಮನೆಮಂದಿಯೆಲ್ಲ ಹುಡುಕಿದ್ವಿ. ಮಡುವಿನ ತಾವ ಒಂದು ಕಲ್ಲು ಸಿಕ್ತು, ಕಣ್ಣು ಮೂಗು ಇದ್ದಂಗೇ ಐತೆ. ಮಂಗಳವಾರ ಪೂಜೆ ಮಾಡಿದ್ವಿ. ಬುಧವಾರ ಮಳೆ ಬಂದ್ಬಿಡ್ತು ಕಣವ್ವಾ!"

ನಮ್ಮ ಕಡೆ ನದಿ, ಹಳ್ಳಗಳ ದಡಕ್ಕೆ ತಡಿ ಎಂದೇ ಹೇಳುವುದು. ನಾನು ಕೇಳಿಸಿಕೊಂಡೇ ಬರೆದಿದ್ದೆ, ಅವರು ಓದಿಯೇ ಹುಡುಕಿದ್ದರು. ಹೊಸ್ತಿಲ ಪಕ್ಕದ ಸ್ಟೂಲಿನ ಮೇಲಿದ್ದ ಅಣ್ಣ ಮೆಲ್ಲಗೆ ಎದ್ದು ಬಂದು ನನ್ನ ಕಿವಿಯಲ್ಲಿ, "ತಾಯಿ, ಅದು ದೇವ್ರಲ್ಲ. ಕನ್ನಡ್ಕ ಒರಸ್ಕಂತೀನಿ, ತಡಿ, ಅಂದಿದ್ದು ನಾನು" ಎಂದರು. ಒಂದು ಕ್ಷಣ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಆಮೇಲೆ ಬಂದ ನಗುವನ್ನು ತಡೆಯಲು ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ದಫ್ತರದ ಕೋಣೆಗೆ ಓಡಿದೆ. ಅಣ್ಣ ಗಂಟುಗಳ ಮೇಲೆ ಒರಗಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಕ್ಕು ಮುಗಿದ ಮೇಲೆ ಇಬ್ಬರಿಗೂ ಆದ ತಪ್ಪು ಹೊಳೆಯಿತು. ನಕಲಿನಲ್ಲಿ ಇಲ್ಲದ್ದನ್ನು ಬರೆದಿದ್ದೆವು, ಮೊಹರು ಬಿದ್ದಿತ್ತು.

ಹುಗ್ಗಿಯ ಘಮ ಅಷ್ಟರಲ್ಲಿ ಅಮಲ್ದಾರರ ಕೋಣೆ ಮುಟ್ಟಿತ್ತು. ಆ ಹುದ್ದೆಗೆ ತಹಸೀಲ್ದಾರ್ ಎಂದು ಹೆಸರಾಗಿ ಎಷ್ಟೋ ಕಾಲವಾಗಿದ್ದರೂ ಜನರ ಬಾಯಲ್ಲಿ ಅವರು ಅಮಲ್ದಾರ್ರೇ. ಹೊಸದಾಗಿ ಬಂದವರು, ಇನ್ನೂ ಚಿಕ್ಕ ವಯಸ್ಸು. ಏನು ವಿಶೇಷ ಎಂದು ಹೊರಗೆ ಬಂದರು. ಸುಳ್ಳು ಹೇಳುವುದು ನನಗೆ ಬರುವುದಿಲ್ಲ, ಬಂದರೂ ಮುಖ ಒಪ್ಪುವುದಿಲ್ಲ. ಅಜ್ಜಿಯನ್ನು ವರಾಂಡದಲ್ಲಿ ಕೂರಿಸಿ ಬಂದು, ನಡೆದದ್ದನ್ನೆಲ್ಲ ಹೇಳಿದೆ. ಅವರು ಗೋಡೆ ಹಿಡಿದುಕೊಂಡು ನಕ್ಕರು. ಆಮೇಲೆ ಗಂಭೀರವಾಗಿ ನಕಲು ತರಿಸಿ ನೋಡಿ ಕೇಳಿದರು:

"ತಾಳೆ ನೋಡಿದವರು ಯಾರು?"

ಹಿರಿಯ ಗುಮಾಸ್ತರ ಬಾಯಲ್ಲಿ ಎಲೆಅಡಿಕೆ ನಿಂತಿತು. ಶಿರಸ್ತೇದಾರರು ಮುಂದೆ ಬಂದು, "ಎಲ್ಲಾ ಈ ಅಟೆಂಡರ್‌ದು ಸಾರ್. ಓದೋವಾಗ ಸಲ್ಲದ ಮಾತು ಸೇರಿಸ್ತಾನೆ. ನಾಳೆಯಿಂದ ದಫ್ತರ ಬಿಡಿಸಿ ಗೇಟಿಗೆ ಹಾಕಿಬಿಡೋಣ" ಎಂದರು. ಅಣ್ಣ ಕನ್ನಡಕ ತೆಗೆದು ಮಡಚಿ ಜೇಬಿಗೆ ಹಾಕಿಕೊಂಡರು. ನಿವೃತ್ತಿಗೆ ಮೂರು ತಿಂಗಳು ಉಳಿದಿತ್ತು. ರುಜುವಿನ ಆಸೆ ಹೋಗಲಿ, ಓದುವ ಸ್ಟೂಲೂ ಹೋಗುವುದರಲ್ಲಿತ್ತು.

ನನ್ನ ಕೋಪ ಆವತ್ತು ಒಳ್ಳೆಯ ಕೆಲಸಕ್ಕೆ ಬಂತು. "ಸಾರ್, ಇವ್ರು ತಾಳೆ ನೋಡಿದ ಯಾವ ಕಾಗದದಲ್ಲೂ ತಪ್ಪಾಗಿಲ್ಲ. ತಪ್ಪಾಗಿದ್ದು ಇದೊಂದರಲ್ಲಿ. ಯಾಕಂದ್ರೆ ಇದೊಂದನ್ನು ಇವ್ರು ತಾಳೆ ನೋಡಿಲ್ಲ. ಗಂಟು ಹೊರಿಸಿ ತರೀಕೆರೆಗೆ ಕಳಿಸಿದ್ರು" ಎಂದೆ. ನನಗೆ ಬಲ ಬಂದದ್ದು ಎಣಿಸದ ಕಡೆಯಿಂದ. ಹಿರಿಯ ಗುಮಾಸ್ತರು ಕಿಟಕಿಗೆ ಹೋಗಿ ಉಗಿದು ಬಂದು, "ಹೌದು ಸಾರ್. ಹದಿನೆಂಟು ವರ್ಷದಿಂದ ನಾನು ರುಜು ಮಾತ್ರ ಹಾಕಿರೋದು. ಓದಿರೋನು ಅವ್ನೇ. ನನಗೂ ಇದೊಂದು ಭಾರ ಇಳೀಲಿ" ಎಂದರು. ಆ ಮನುಷ್ಯನ ಮೇಲೆ ನನಗೆ ಅಷ್ಟು ದಿನ ಇದ್ದ ಅಸಡ್ಡೆಯೆಲ್ಲ ಆ ಒಂದು ಮಾತಿಗೆ ಕರಗಿತು.

ಅಮಲ್ದಾರರು ಹಾಗಾದರೆ ಅವರೇ ರುಜು ಹಾಕಲಿ ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಶಿರಸ್ತೇದಾರರು ನಿಯಮ ಇಲ್ಲ ಸಾರ್ ಎಂದರು. "ಹಾಗಾದ್ರೆ ನಿಯಮದ ಪುಸ್ತಕ ತರಿಸಿ" ಎಂದರು ಅಮಲ್ದಾರರು. ತರುವವರು ಯಾರು? ಅಣ್ಣನೇ! ಧೂಳು ಕೊಡವಿ ತಂದ ಪುಸ್ತಕಗಳನ್ನು ಶಿರಸ್ತೇದಾರರು ಎರಡು ದಿನ ಹುಡುಕಿದರು. ಬರೆದವರೊಬ್ಬರು, ತಾಳೆ ನೋಡುವವರು ಇನ್ನೊಬ್ಬರು ಇರಬೇಕು ಎಂದಿತ್ತೇ ಹೊರತು ಗುಮಾಸ್ತರೇ ಆಗಿರಬೇಕು ಎಂಬ ಮಾತು ಎಲ್ಲಿಯೂ ಸಿಗಲಿಲ್ಲ. ಅಷ್ಟು ವರ್ಷ ಎಲ್ಲರನ್ನೂ ಕಟ್ಟಿಹಾಕಿದ್ದ ನಿಯಮವನ್ನು ಯಾರೂ ಬರೆದೇ ಇರಲಿಲ್ಲ.

ಕಾಗದದಲ್ಲೊಂದು ತಪ್ಪಿದೆ ಎಂದಷ್ಟೇ ಹೇಳಿ ಕಳಿಸಿದ್ದ ಅಜ್ಜಿಯೂ ಮೊಮ್ಮಗನೂ ಮೂರನೆಯ ದಿನ ಸರಿಪಡಿಸಿದ ನಕಲಿಗೆ ಬಂದರು. ನಾನು ಹೊಸದಾಗಿ ಬರೆದಿಟ್ಟಿದ್ದೆ. ಅಣ್ಣ ಒಗೆದ ಅಂಗಿ ಹಾಕಿಕೊಂಡು ಬಂದಿದ್ದರು. ಹೊಸ್ತಿಲ ಪಕ್ಕದ ಸ್ಟೂಲಿಗೆ ಹೋಗುತ್ತಿದ್ದವರನ್ನು ಹಿರಿಯ ಗುಮಾಸ್ತರು ಕರೆದು ತಮ್ಮ ಪಕ್ಕಕ್ಕೆ ಕುರ್ಚಿ ಎಳೆದು ಕೂರಿಸಿದರು. ವರಾಂಡದವರೆಲ್ಲ ಬಾಗಿಲಿಗೆ ಬಂದರು. ಅಣ್ಣ ಮೂಲವನ್ನು ಓದತೊಡಗಿದರು, ನಾನು ಬೆರಳಿಟ್ಟು ನೋಡುತ್ತಾ ಹೋದೆ.

"ಪಡುವಲಿಗೆ ಹಳ್ಳ. ಚುಕ್ಕಿ."

"ನಮ್ ತಾಯಿ?" ಎಂದರು ಅಜ್ಜಿ ಗಾಬರಿಯಿಂದ.

ಅಣ್ಣ ಕಾಗದದಿಂದ ತಲೆ ಎತ್ತಿದರು. "ಅವಳು ಕಾಗ್ದದಾಗಿಲ್ಲ ಅವ್ವಾ. ತಪ್ಪು ನಮ್ದು. ಆದ್ರೆ ಹಳ್ಳದ ತಾವ ನೀವು ಕಂಡಿದ್ದು ನೀವೇ ಕಂಡಿದ್ದಲ್ವಾ? ಅದನ್ನ ಅಳ್ಸಕ್ಕೆ ನಾವ್ಯಾರು."

ಅಜ್ಜಿ ಯೋಚಿಸಿ, "ಮಳೆ ಅಂತೂ ಬಂತು" ಎಂದು ಸಮಾಧಾನಪಟ್ಟರು.

ಅಣ್ಣ ಮುಂದೆ ಓದಿದರು. ಪಂಚರ ರುಜುಗಳಾದವು. ಕೊನೆಯ ಸಾಲಿಗೆ ಬಂದಾಗ ದನಿ ಮತ್ತೆ ಅವತ್ತಿನ ಹಾಗೆ ತಗ್ಗಿತು. "ಗಡಿ ತೋರಿಸಿದವನು, ಬಾಲ, ಊರ ತೋಟಿ..." ಎಂದು ಒಂದು ಹೆಸರು ಓದಿ, "ಎಡಗೈ ಹೆಬ್ಬೆಟ್ಟಿನ ಗುರುತು" ಎಂದರು. ಆಮೇಲೆ ಮೂಲದ ಹಾಳೆಯನ್ನು ನನ್ನ ಕಡೆಗೆ ತಿರುಗಿಸಿದರು. ಹಾಳೆಯ ಅಂಚಿನಲ್ಲಿ, ಪಡುವಲಿನ ಸಾಲಿಗೆ ಹತ್ತಿರವೇ, ಮಾಸಿದ ನೀಲಿಯಲ್ಲಿ, ದೊಡ್ಡದೊಂದು ಹೆಬ್ಬೆಟ್ಟು.

"ನಮ್ಮಪ್ಪ" ಎಂದರು.

ಅವತ್ತು ಅವರು ಒರೆಸಿದ್ದು ಕನ್ನಡಕದ ಧೂಳಲ್ಲ. ಪಡುವಲಿನ ಸಾಲು ಓದುವಾಗ ಅದು ಕಣ್ಣಿಗೆ ಬಿದ್ದಿತ್ತು, ಅದಕ್ಕೇ ನನ್ನನ್ನು ತಡಿ ಎಂದಿದ್ದರು. ನಾನು ಆ ಮಾತನ್ನೇ ಬರೆದು ಹಳ್ಳಕ್ಕೊಂದು ದೇವರನ್ನು ಕೊಟ್ಟಿದ್ದೆ.

ಮೊಹರು ಬಿತ್ತು. ಮೊದಲ ಗೆರೆಗೆ ನಾನು ರುಜು ಹಾಕಿದೆ. ಅಣ್ಣ ಅಂಗಿಗೆ ಕೈ ಒರೆಸಿಕೊಂಡು ಪೆನ್ನು ಹಿಡಿದರು. ಅಭ್ಯಾಸ ಮಾಡಿದ ಹಾವಿನ ಬಾಲ, ಎರಡು ಗೆರೆ ಯಾವುದನ್ನೂ ಹಾಕಲಿಲ್ಲ. ತಂದೆಯ ಹೆಸರನ್ನು ಮುಂದಿಟ್ಟು, ತಮ್ಮ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಪೂರ್ತಿಯಾಗಿ ಬರೆದರು. ಶಾಯಿ ಇನ್ನೂ ಹಸಿಯಾಗಿತ್ತು. ಬಸ್ಸಿಗೆ ಹೊತ್ತಾಯಿತೆಂದು ನಾನು ಒತ್ತುಕಾಗದ ಹಿಡಿದು ಮುಂದಾದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು.

"ತಡಿ ತಾಯಿ" ಎಂದರು. "ತಾನಾಗೇ ಒಣಗ್ಲಿ. ನೋಡ್ತೀನಿ."

ಈ ಸಲ ನನಗೆ ಸರಿಯಾಗಿ ಕೇಳಿಸಿತು. ತಡೆದೆ. ಅಜ್ಜಿಯೂ, ಮೊಮ್ಮಗನೂ, ಹಿರಿಯ ಗುಮಾಸ್ತರೂ ತಡೆದರು. ಹೊರಗೆ ಅಜ್ಜಂಪುರದ ಬಸ್ಸು ಎರಡು ಸಲ ಹಾರನ್ ಹೊಡೆದು ಹೊರಟುಹೋಯಿತು.